ಮ್ಯಾಗಝಿನ್ ಅಂದ್ರೆ ಅಂಗಡಿನಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಯುರೋಪಿನ ಭಾಷೆಗಳದ್ದೇ ಜಾಸ್ತಿ ಇತ್ತು, ಜರ್ಮನ್, ಫ್ರೆಂಚ್, ರಷ್ಯನ್ ಕಲೀತಿರೋರು ಬರೆದಿದ್ದು. ಎಲ್ಲರ ಗೊಂದಲನೂ ಹೆಚ್ಚು ಕಡಿಮೆ ಒಂದೇ. ಚೆನ್ನಾಗಿ ಗೊತ್ತಿರೋ ಪದನೇ ಪಕ್ಕದ ಭಾಷೆಗೆ ಹೋದ್ರೆ ಬೇರೆ ಏನೋ ಆಗಿ ಕೂತಿರುತ್ತೆ. ಅದಕ್ಕೆ ಅಂಥ ಪ್ರಶ್ನೆಗಳನ್ನೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಮೇಡಂ, ರಷ್ಯನ್ ಕಲಿಯೋಕೆ ಶುರು ಮಾಡಿದೀನಿ. ಮೊದಲನೇ ಪಾಠದಲ್ಲೇ ‘ಮಗಝೀನ್’ ಅಂದ್ರೆ ಅಂಗಡಿ ಅಂತ ಬಂತು. ಫ್ರೆಂಚಿನ ‘ಮಗಝಾಂ’ ಕೂಡ ಅಂಗಡಿನೇ ಅಂತೆ. ಇಂಗ್ಲಿಷಿನಲ್ಲಿ ಮಾತ್ರ ಅದು ಓದೋ ಪತ್ರಿಕೆ, ಸಾಲದು ಅಂತ ಬಂದೂಕಿಗೆ ಗುಂಡು ತುಂಬೋ ಡಬ್ಬಿಗೂ ಅದೇ ಹೆಸರು. ಇದರಲ್ಲಿ ಸರಿಯಾದ ಅರ್ಥ ಯಾವುದು, ತಪ್ಪು ಮಾಡಿದ್ದು ಯಾರು?

ಉತ್ತರ: ಯಾರೂ ತಪ್ಪು ಮಾಡಿಲ್ಲ. ಈ ಪದ ಹೊರಟಿದ್ದು ಅರಬ್ಬಿಯಿಂದ. ಅಲ್ಲಿ ‘ಖಝನ’ ಅಂದ್ರೆ ಕೂಡಿಡೋದು, ‘ಮಖ್ಝನ್’ ಅಂದ್ರೆ ಸರಕು ಕೂಡಿಡೋ ಜಾಗ, ಅದರ ಬಹುವಚನ ‘ಮಖಾಝಿನ್’. ನಾವು ಬಳಸೋ ಖಜಾನೆನೂ ಇದೇ ಬೇರಿನದು, ಪರ್ಷಿಯನ್ ಮೂಲಕ ಬಂದಿದ್ದು ಅಷ್ಟೇ. ಮೆಡಿಟರೇನಿಯನ್ ಬಂದರುಗಳಲ್ಲಿ ಅರಬ್ಬರ ಜೊತೆ ವಹಿವಾಟು ಮಾಡ್ತಿದ್ದ ಇಟಲಿಯ ವ್ಯಾಪಾರಿಗಳು ಇದನ್ನ ‘ಮಗದ್ಝೀನೊ’ ಅಂತ ತಗೊಂಡ್ರು, ಅವರಿಗೆ ಇವತ್ತಿಗೂ ಅದು ಗೋದಾಮೇ.

ಸ್ಪೇನಿಗೆ ಹೋದ ದಾರಿ ಬೇರೆ. 711ರಿಂದ ಆ ಕಡೆ ಶತಮಾನಗಟ್ಟಲೆ ಅರಬ್ಬಿ ಮಾತಾಡೋರ ಆಳ್ವಿಕೆ ಇತ್ತು, ಜನ ಆ ಭಾಷೆನ ಬೀದಿಯಲ್ಲಿ ದಿನಾ ಕೇಳಿಸ್ಕೊಳ್ತಿದ್ರು, ಹಾಗಾಗಿ ಪದದ ಶುರುವಿಗೆ ಬರೋ ‘ಅಲ್’ ಸಮೇತ ನುಂಗಿಬಿಟ್ರು, ‘ಅಲ್ಮಾಸೆನ್’ ಆಯ್ತು. ಪಕ್ಕದ ಪೋರ್ಚುಗೀಸರದ್ದು ‘ಅರ್ಮಝೆಂ’. ಇದು ಈ ಒಂದು ಪದದ ಕಥೆ ಅಲ್ಲ, ಹತ್ತಿಗೆ ಸ್ಪೇನಿನವರು ‘ಅಲ್ಗೊದೋನ್’ ಅಂತಾರೆ, ಇಟಲಿಯವರು ಬರೀ ‘ಕೊತೋನೆ’, ಸಕ್ಕರೆಗೆ ಅವರು ‘ಅಸೂಕಾರ್’, ಇವರು ‘ಝುಕ್ಕೆರೊ’ (ಅರಬ್ಬಿಯಲ್ಲಿ ಸಕಾರದ ಮುಂದೆ ‘ಅಲ್’ ಇದ್ದಿದ್ದು ‘ಅಸ್’ ಆಗುತ್ತೆ). ಪದ ಯಾವ ಬಾಗಿಲಿಂದ ಒಳಗೆ ಬಂತು ಅಂತ ಅದರ ಮುಖ ನೋಡಿದ್ರೇನೇ ಗೊತ್ತಾಗುತ್ತಲ್ಲ, ನನಗೆ ಇದು ತುಂಬಾ ಇಷ್ಟದ ವಿಷಯ.

ಇನ್ನು ಗೋದಾಮು ಅಂಗಡಿ ಆಗಿದ್ದು. ಇದಕ್ಕೆ ದೂರ ಹೋಗೋದೇ ಬೇಡ, ನಮ್ಮ ‘ಮಳಿಗೆ’ನೇ ನೋಡಿ, ದಾಸ್ತಾನು ಮಳಿಗೆನೂ ಮಳಿಗೆ, ಮಾರಾಟ ಮಳಿಗೆನೂ ಮಳಿಗೆ. ಸರಕು ಇಟ್ಟಲ್ಲೇ ಮಾರಾಟನೂ ನಡೆದ್ರೆ ಹೆಸರು ಜಾರಿಕೊಳ್ಳುತ್ತೆ. ಫ್ರೆಂಚಿನಲ್ಲಿ ಆಗಿದ್ದೂ ಇದೇ, 19ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಬೊನ್ ಮಾರ್ಶೆಯಂಥ ಬಹುಮಹಡಿ ಅಂಗಡಿಗಳು ಬೆಳೆದಾಗ ಅವುಗಳಿಗೆ ‘ಗ್ರಾಂ ಮಗಝಾಂ’ ಅಂತಲೇ ಹೆಸರು ಬಿತ್ತು. ರಷ್ಯನ್ನರಿಗೆ, ರುಮೇನಿಯಾದವರಿಗೆ ಅಂಗಡಿ ಅನ್ನೋ ಅರ್ಥ ಉಳೀತು. ಡಚ್ಚರಿಗೆ ಮಾತ್ರ ‘ಮಗಝೈನ್’ ಗೋದಾಮಾಗೇ ಇದೆ.

ಇಂಗ್ಲಿಷಿಗೆ ಇದು 16ನೇ ಶತಮಾನದಲ್ಲಿ ಫ್ರೆಂಚ್ ಮೂಲಕ ಬಂದಾಗ ಅಲ್ಲೂ ಉಗ್ರಾಣನೇ, ಅದರಲ್ಲೂ ಮದ್ದುಗುಂಡು ಇಡೋ ಉಗ್ರಾಣ. ಬಂದೂಕಿನ ಡಬ್ಬಿಗೆ ಆ ಹೆಸರು ಬಂದಿದ್ದು ಅಲ್ಲಿಂದ, ಕಟ್ಟಡದ ಹೆಸರು ಕುಗ್ಗಿ ಕುಗ್ಗಿ ಅಂಗೈಯಗಲದ ಪೆಟ್ಟಿಗೆಗೆ ಬಂತು. ಆಮೇಲೆ ಮಾಹಿತಿಯ ಉಗ್ರಾಣ ಅನ್ನೋ ಅರ್ಥದಲ್ಲಿ ಪುಸ್ತಕಗಳ ಹೆಸರಲ್ಲಿ ಈ ಪದ ಕಾಣಿಸಿಕೊಳ್ಳೋಕೆ ಶುರುವಾಯ್ತು, ಆದರೆ ನಿಜವಾದ ತಿರುವು 1731ರದ್ದು. ಲಂಡನ್ನಿನ ಎಡ್ವರ್ಡ್ ಕೇವ್ ಅನ್ನೋ ಪ್ರಕಾಶಕ ಸುದ್ದಿ, ಪ್ರಬಂಧ, ಕವಿತೆ ಎಲ್ಲಾ ಕಲೆಹಾಕಿ ತಿಂಗಳಿಗೊಂದು ಸಂಚಿಕೆ ತಂದ, ಹೆಸರು ‘ದಿ ಜೆಂಟಲ್‌ಮನ್ಸ್ ಮ್ಯಾಗಝಿನ್’. ಅದು ಎಷ್ಟು ಹಿಟ್ ಆಯ್ತು ಅಂದ್ರೆ ಒಂದು ಪತ್ರಿಕೆಯ ಹೆಸರು ಆ ಜಾತಿಯ ಪತ್ರಿಕೆಗಳಿಗೆಲ್ಲಾ ಹೆಸರಾಯ್ತು. ಆ ಪತ್ರಿಕೆಗೆ ಬರೀತಿದ್ದ ಸ್ಯಾಮ್ಯುಯೆಲ್ ಜಾನ್ಸನ್ನೇ 1755ರಲ್ಲಿ ತನ್ನ ನಿಘಂಟಿನಲ್ಲಿ ಮೊದಲ ಅರ್ಥ ಉಗ್ರಾಣ ಅಂತ ಕೊಟ್ಟು, ಎರಡನೆಯದಾಗಿ ಇತ್ತೀಚೆಗೆ ಕೇವನ ಪತ್ರಿಕೆಯಿಂದಾಗಿ ಈ ಅರ್ಥನೂ ಬಂದಿದೆ ಅಂತ ಸೇರಿಸಿದಾನೆ. ಅಂದ್ರೆ ನಮಗೆ ಇವತ್ತು ಮೊದಲು ಹೊಳೆಯೋ ಅರ್ಥ ಆಗ ಹೊಸದಾಗಿ ಬಂದ ಅರ್ಥ.

ಇಷ್ಟಕ್ಕೇ ಮುಗೀಲಿಲ್ಲ. ಈ ಪತ್ರಿಕೆ ಅರ್ಥ ಇಂಗ್ಲಿಷಿಂದ ವಾಪಸ್ ಫ್ರೆಂಚಿಗೆ ಹೋಯ್ತು, ಹಾಗಾಗಿ ಅವರ ಹತ್ರ ಈಗ ಎರಡು ಪದ, ಅಂಗಡಿಗೆ ‘ಮಗಝಾಂ’, ಪತ್ರಿಕೆಗೆ ‘ಮಗಝೀನ್’, ಬರೆಯೋವಾಗ ಒಂದಕ್ಕೆ ಎಸ್, ಇನ್ನೊಂದಕ್ಕೆ ಝಡ್. ಜರ್ಮನ್ನರು ಗೋದಾಮು, ಪತ್ರಿಕೆ ಎರಡನ್ನೂ ಒಂದೇ ‘ಮಗಝೀನ್’ನಲ್ಲಿ ಇಟ್ಕೊಂಡಿದಾರೆ, ಅಲ್ಲಿನ ಲೈಬ್ರರಿಯಲ್ಲಿ ನಿಮಗೆ ಬೇಕಾದ ಪುಸ್ತಕ ಮಗಝೀನ್‌ನಲ್ಲಿದೆ ಅಂದ್ರೆ ಅದು ಯಾವುದೋ ಪತ್ರಿಕೆಯಲ್ಲಿ ಅಚ್ಚಾಗಿದೆ ಅಂತಲ್ಲ, ಓದುಗರು ಹೋಗೋಹಾಗಿಲ್ಲದ ಒಳಗಿನ ದಾಸ್ತಾನು ಕೋಣೆಯಲ್ಲಿದೆ ಅಂತ, ಚೀಟಿ ಕೊಟ್ಟು ತರಿಸ್ಕೋಬೇಕು. ರಷ್ಯನ್ನರಿಗೆ ‘ಮಗಝೀನ್’ ಅಂಗಡಿಗೆ ಮೀಸಲಾಗಿದ್ದರಿಂದ ಪತ್ರಿಕೆಗೆ ‘ಝುರ್ನಾಲ್’ ಅಂತ ಫ್ರೆಂಚಿಂದ ತಂದ್ರು. ಅದೂ ಇಂಥದ್ದೇ ಪದ, ಲ್ಯಾಟಿನ್ನಿನ ದಿನ ಅನ್ನೋದರಿಂದ ಹುಟ್ಟಿದ್ದು, ಫ್ರೆಂಚರಿಗೆ ದಿನಪತ್ರಿಕೆ, ಇಂಗ್ಲಿಷರಿಗೆ ಮೂರು ತಿಂಗಳಿಗೊಮ್ಮೆ ಬರೋ ಸಂಶೋಧನಾ ಪತ್ರಿಕೆನೂ ಜರ್ನಲ್ಲೇ.

ಪ್ರಶ್ನೆ: ನನ್ನ ತಂಗಿ ಫ್ರಾನ್ಸಿನ ಒಂದು ಅಂಗಡಿಯಲ್ಲಿ ಜಾಮ್ ಬಾಟಲಿ ಹಿಡಿದು ಇದರಲ್ಲಿ ಪ್ರಿಸರ್ವೇಟಿವ್ ಇದೆಯಾ ಅಂತ ಕೇಳಿದ್ಲಂತೆ, ಅಂಗಡಿಯವರು ಮುಖ ಮುಖ ನೋಡ್ಕೊಂಡು ನಕ್ಕರಂತೆ. ಅವಳಿಗೆ ಇನ್ನೂ ಅರ್ಥ ಆಗಿಲ್ಲ.

ಉತ್ತರ: ಫ್ರೆಂಚಿನಲ್ಲಿ ‘ಪ್ರೆಝೆರ್ವತಿಫ್’ ಅಂದ್ರೆ ಕಾಂಡೋಮ್. ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್, ಪೋಲಿಷ್, ರಷ್ಯನ್ ಎಲ್ಲದರಲ್ಲೂ ಅದೇ ಅರ್ಥ, ಇಂಗ್ಲಿಷೊಂದೇ ಇದರಲ್ಲಿ ಒಂಟಿ. ಲ್ಯಾಟಿನ್ನಿನಲ್ಲಿ ಇದರ ಮೂಲಕ್ಕೆ ಮುಂಚಿತವಾಗಿ ಕಾಪಾಡೋದು ಅಂತ ಅರ್ಥ, ಏನನ್ನ ಯಾವುದರಿಂದ ಕಾಪಾಡೋದು ಅಂತ ಪದದಲ್ಲಿ ಇಲ್ಲ. ಇಂಗ್ಲಿಷರು ಆಹಾರನ ಕೊಳೆಯೋದರಿಂದ ಅಂದ್ಕೊಂಡ್ರು, ಉಳಿದವರು ಮನುಷ್ಯರನ್ನ ರೋಗದಿಂದ ಅಂದ್ಕೊಂಡ್ರು. ತಂಗಿಗೆ ಹೇಳಿ, ಆಹಾರದ ವಿಷಯಕ್ಕೆ ಫ್ರೆಂಚಿನಲ್ಲಿ ‘ಕೊನ್ಸೆರ್ವತರ್’ ಅಂತ ಕೇಳಬೇಕು, ಇಟಲಿಯಲ್ಲಿ ‘ಕೊನ್ಸೆರ್ವಾಂತೆ’. ಅದೂ ನೆನಪಾಗಲಿಲ್ಲ ಅಂದ್ರೆ ಯುರೋಪಿನ ಪ್ಯಾಕೆಟ್ಟುಗಳ ಮೇಲೆ ಇ ಅಕ್ಷರದ ಜೊತೆ ಬರೋ ನಂಬರ್ ನೋಡಿದ್ರೆ ಸಾಕು, 200ರ ಸಾಲಿನವು ಹೆಚ್ಚಾಗಿ ಕೆಡದ ಹಾಗೆ ಇಡೋ ಪದಾರ್ಥಗಳೇ, ಸೋಡಿಯಂ ಬೆಂಜೋಯೇಟ್ ಇ 211, ಪೊಟ್ಯಾಸಿಯಂ ಸಾರ್ಬೇಟ್ ಇ 202. ನಂಬರಿಗೆ ಯಾವ ಭಾಷೆಯೂ ಅಡ್ಡ ಬರಲ್ಲ.

ಪ್ರಶ್ನೆ: ರಷ್ಯನ್ನಿನಲ್ಲಿ ರೈಲ್ವೆ ಸ್ಟೇಷನ್ನಿಗೆ ‘ವಗ್ಝಾಲ್’ ಅಂತಾರೆ. ರಷ್ಯಾದ ಅಧಿಕಾರಿಗಳು ಲಂಡನ್ನಿಗೆ ರೈಲು ನೋಡೋಕೆ ಹೋಗಿ, ವಾಕ್ಸಾಲ್ ಸ್ಟೇಷನ್ನಿನ ಬೋರ್ಡ್ ಓದಿ, ಸ್ಟೇಷನ್ ಅನ್ನೋದಕ್ಕೇ ಇಂಗ್ಲಿಷಿನಲ್ಲಿ ವಾಕ್ಸಾಲ್ ಅಂತಾರೆ ಅಂದ್ಕೊಂಡ್ರು ಅಂತ ಕೇಳಿದೀನಿ. ನಿಜನಾ?

ಉತ್ತರ: ಪದ ಲಂಡನ್ನಿನ ವಾಕ್ಸಾಲ್‌ನಿಂದ ಬಂದಿದ್ದು ನಿಜ. ಅಧಿಕಾರಿಗಳ ಕಥೆ ನಿಜ ಅಲ್ಲ, ಇಸವಿ ನೋಡಿದ್ರೇ ಬಿದ್ದುಹೋಗುತ್ತೆ. ಲಂಡನ್ನಿನ ವಾಕ್ಸಾಲ್ ಸ್ಟೇಷನ್ ತೆರೆದಿದ್ದು 1848ರಲ್ಲಿ. ರಷ್ಯಾದ ಮೊದಲ ರೈಲು ಸೇಂಟ್ ಪೀಟರ್ಸ್‌ಬರ್ಗಿಂದ ತ್ಸಾರ್‌ಸ್ಕೊಯೆ ಸೆಲೊಗೆ ಓಡಿದ್ದು 1837ರಲ್ಲಿ, ಮಾರನೇ ವರ್ಷ ಅದು ಪಾವ್ಲೊವ್ಸ್ಕ್ ತನಕ ಹೋಯ್ತು. ಲಂಡನ್ನಿನ ಆ ಬೋರ್ಡ್ ಹುಟ್ಟೋಕೆ ಮುಂಚೆನೇ ರಷ್ಯಾದಲ್ಲಿ ಈ ಪದ ಇತ್ತು.

ನಡೆದಿದ್ದು ಇದಕ್ಕಿಂತ ಚೆನ್ನಾಗಿದೆ. ವಾಕ್ಸಾಲ್‌ನಲ್ಲಿ ಸ್ಟೇಷನ್ ಬರೋಕೆ ಎಷ್ಟೋ ಮೊದಲೇ 17ನೇ ಶತಮಾನದಿಂದ ಥೇಮ್ಸ್ ನದಿ ದಡದಲ್ಲಿ ಒಂದು ವಿಹಾರದ ತೋಟ ಇತ್ತು. ಸಂಜೆ ದೀಪದ ಸಾಲು, ಸಂಗೀತ, ಕುಣಿತ, ಊಟ, ದುಡ್ಡು ಕೊಟ್ಟವರು ಯಾರು ಬೇಕಾದ್ರೂ ಒಳಗೆ ಹೋಗಬಹುದಿತ್ತು. 18ನೇ ಶತಮಾನದಲ್ಲಿ ಇದರ ಹೆಸರು ಯುರೋಪಿಗೆಲ್ಲಾ ಹಬ್ಬಿ ಊರೂರಲ್ಲಿ ಇದರ ನಕಲು ಎದ್ದವು. ಪ್ಯಾರಿಸ್ಸಿನಲ್ಲಿ ಇದ್ದವು, ಬ್ರಸೆಲ್ಸಿನ ಪಾರ್ಕಿನಲ್ಲಿ ಆ ಹೆಸರಿನ ಕಟ್ಟಡ ಈಗಲೂ ಇದೆ. ಮಾಸ್ಕೋದಲ್ಲಿ ಮೈಕೆಲ್ ಮ್ಯಾಡಾಕ್ಸ್ ಅನ್ನೋ ಇಂಗ್ಲಿಷಿನವನು ಒಂದು ನಡೆಸಿದ, ಅಲ್ಲಿನ ಬೊಲ್ಶೊಯ್ ರಂಗಮಂದಿರಕ್ಕೆ ಮೂಲ ಅನ್ನಿಸಿಕೊಂಡ ನಾಟಕಶಾಲೆ ಕಟ್ಟಿದವನೂ ಇವನೇ. ಹೀಗಾಗಿ ರಷ್ಯನ್ನಿಗೆ ಈ ಪದ ಬಂದಾಗ ಅದರ ಅರ್ಥ ಸಂಗೀತ, ಕುಣಿತದ ಮನರಂಜನಾ ಮಂದಿರ. ರೈಲಿಗೂ ಅದಕ್ಕೂ ಸಂಬಂಧನೇ ಇರಲಿಲ್ಲ.

ಸಂಬಂಧ ಬಂದಿದ್ದು ಪಾವ್ಲೊವ್ಸ್ಕ್‌ನಲ್ಲಿ. ರೈಲು ಅಂದ್ರೆ ಆಗ ಹೊಸ ವಸ್ತು, ಜನ ಟಿಕೆಟ್ ತಗೊಂಡು ಹತ್ತಬೇಕಲ್ಲ, ಅದಕ್ಕೆ ಕಂಪನಿಯವರು ಹಳಿ ಮುಗಿಯೋ ಜಾಗದಲ್ಲೇ ಒಂದು ದೊಡ್ಡ ಸಂಗೀತ ಮಂದಿರ ಕಟ್ಟಿದ್ರು, ಅದಕ್ಕೆ ರೂಢಿಯಲ್ಲಿದ್ದ ಹೆಸರೇ ಇಟ್ಟರು. ಪೀಟರ್ಸ್‌ಬರ್ಗಿನ ಜನ ಸಂಜೆ ರೈಲು ಹತ್ತಿ ಅಲ್ಲಿಗೆ ಹೋಗಿ ಇಳಿಯೋದು, ಕಛೇರಿ ಕೇಳೋದು, ವಾಪಸ್ ಬರೋದು. ವಿಯೆನ್ನಾದ ಕಿರಿಯ ಯೋಹಾನ್ ಸ್ಟ್ರಾಸ್ 1856ರಿಂದ ಎಷ್ಟೋ ಬೇಸಿಗೆ ಅಲ್ಲಿ ವಾದ್ಯಗೋಷ್ಠಿ ನಡೆಸಿದಾನೆ. ಇಳಿಯೋ ಜಾಗ, ಸಂಗೀತದ ಜಾಗ ಎರಡೂ ಒಂದೇ ಆಗಿದ್ದರಿಂದ ಹೆಸರು ಮೆಲ್ಲಗೆ ಸಂಗೀತದಿಂದ ಸ್ಟೇಷನ್ನಿಗೆ ಸರಿದುಹೋಯ್ತು. ಇವತ್ತು ರಷ್ಯಾದಲ್ಲಿ ದೊಡ್ಡ ಸ್ಟೇಷನ್ ಕಟ್ಟಡಕ್ಕೆ ‘ವಗ್ಝಾಲ್’ ಅಂತಾರೆ, ದಾರಿಯಲ್ಲಿ ಸಿಗೋ ಸಣ್ಣಪುಟ್ಟದ್ದಕ್ಕೆ ಬೇರೆ ಪದ ಇದೆ. ಲಂಡನ್ನಿನ ತೋಟ ಮಾತ್ರ 1859ರಲ್ಲಿ ಮುಚ್ಚಿಹೋಯ್ತು. ಬ್ರಿಟನ್ನಿನಲ್ಲಿ ಆ ಪದ ಈಗ ಒಂದು ಬಡಾವಣೆ ಹೆಸರು, ಒಂದು ಕಾರಿನ ಹೆಸರು, ಅಷ್ಟೇ.

ಅಧಿಕಾರಿಗಳು ಬೋರ್ಡ್ ತಪ್ಪಾಗಿ ಓದಿದ್ರು ಅನ್ನೋ ಥರದ ಕಥೆಗಳು ಎಲ್ಲಾ ಭಾಷೆಯಲ್ಲೂ ಇರುತ್ತೆ, ಕೇಳೋಕೆ ಮಜಾ ಇರೋದರಿಂದ ಬೇಗ ಹಬ್ಬುತ್ತೆ. ಆದರೆ ಸಾಲ ತಗೊಂಡ ಪದದ ಅರ್ಥ ಬದಲಾಗಿದ್ರೆ ಯಾರೋ ದಡ್ಡತನ ಮಾಡಿದ್ರು ಅಂತ ಅಂದ್ಕೊಳ್ಳೋದು ಅನ್ಯಾಯ. ಪದ ತಗೊಂಡ ಹೊತ್ತಿಗೆ ಅವರ ಎದುರಿಗೆ ಏನಿತ್ತು ಅಂತ ಹುಡುಕಿ, ಬಹಳ ಸಲ ಉತ್ತರ ಅಲ್ಲೇ ಇರುತ್ತೆ.

ಪ್ರಶ್ನೆ: ಜರ್ಮನಿಯ ಒಂದು ವರದಿ ಓದುವಾಗ ‘ಬಿಲಿಯೋನ್’ ಅಂತ ಬಂತು. ಲೆಕ್ಕ ಹಾಕಿದ್ರೆ ತಾಳೆನೇ ಆಗ್ತಿಲ್ಲ. ಬಿಲಿಯನ್ ಅಂದ್ರೆ ನೂರು ಕೋಟಿ ತಾನೇ?

ಉತ್ತರ: ಇಂಗ್ಲಿಷಿನಲ್ಲಿ ಹೌದು, ಜರ್ಮನ್ನಿನಲ್ಲಿ ಅಲ್ಲ. ಅಲ್ಲಿ ನೂರು ಕೋಟಿಗೆ ‘ಮಿಲಿಯಾರ್ಡೆ’, ‘ಬಿಲಿಯೋನ್’ ಅಂದ್ರೆ ಲಕ್ಷ ಕೋಟಿ. ಸಾವಿರ ಪಟ್ಟು ವ್ಯತ್ಯಾಸ. ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳೂ ಜರ್ಮನ್ ಕಡೆಗೇ. ರಷ್ಯನ್ನಿನಲ್ಲಿ ನೂರು ಕೋಟಿಗೆ ‘ಮಿಲಿಯಾರ್ದ್’, ಆದರೆ ಲಕ್ಷ ಕೋಟಿಗೆ ಇಂಗ್ಲಿಷಿನ ಹಾಗೆ ‘ತ್ರಿಲಿಯೋನ್’, ಅವರದ್ದು ಅರ್ಧ ಅದು ಅರ್ಧ ಇದು.

ಇದು ಫ್ರೆಂಚರಿಂದ ಹೊರಟ ಪದ. 1484ರಲ್ಲಿ ನಿಕೊಲಾ ಶ್ಯೂಕೆ ಅನ್ನೋ ಗಣಿತಜ್ಞ ಇದನ್ನ ಮಿಲಿಯನ್ನಿನ ಮಿಲಿಯನ್ ಅನ್ನೋ ಅರ್ಥದಲ್ಲಿ ಬರೆದ, ಅಂದ್ರೆ ಲಕ್ಷ ಕೋಟಿ. ಆಮೇಲೆ ಫ್ರಾನ್ಸಿನಲ್ಲೇ ಸೊನ್ನೆಗಳನ್ನ ಆರಾರು ಬಿಟ್ಟು ಮೂರು ಮೂರಾಗಿ ಗುಂಪು ಮಾಡೋ ರೂಢಿ ಬಂದು ಬಿಲಿಯನ್ ಸಣ್ಣದಾಯ್ತು, ಅಮೆರಿಕದವರು ಆ ಸಣ್ಣ ಅರ್ಥನ ತಗೊಂಡ್ರು. ಬ್ರಿಟನ್ ದೊಡ್ಡ ಅರ್ಥನೇ ಇಟ್ಕೊಂಡಿತ್ತು, 1974ರಲ್ಲಿ ಹೆರಾಲ್ಡ್ ವಿಲ್ಸನ್ ಸರ್ಕಾರ ಇನ್ಮೇಲೆ ಸರ್ಕಾರಿ ಲೆಕ್ಕದಲ್ಲಿ ಅಮೆರಿಕದ ಅರ್ಥನೇ ಅಂತ ಹೇಳ್ತು. ಫ್ರಾನ್ಸ್ ಅಷ್ಟು ಹೊತ್ತಿಗೆ ಉಲ್ಟಾ ಹೋಗಿತ್ತು, 1961ರಲ್ಲಿ ಕಾನೂನು ಪ್ರಕಾರನೇ ಹಳೇ ದೊಡ್ಡ ಅರ್ಥಕ್ಕೆ ವಾಪಸ್ ಬಂತು. 1974ಕ್ಕೆ ಮುಂಚಿನ ಬ್ರಿಟಿಷ್ ಪುಸ್ತಕ ಓದೋರೂ ಇದನ್ನ ನೆನಪಲ್ಲಿಟ್ಕೊಳ್ಳಿ. ಅನುವಾದ ಮಾಡೋರಿಗೆ ನನ್ನದೊಂದು ಕೋರಿಕೆ, ದಯವಿಟ್ಟು ಪದ ಬರೀಬೇಡಿ, ಕೋಟಿ ಲೆಕ್ಕದಲ್ಲಿ ಬರೀರಿ.

ಪ್ರಶ್ನೆ: ನಮ್ಮ ಕಂಪನಿಗೆ ಬಂದ ಪೋಲೆಂಡಿನ ಒಬ್ಬರ ರೆಸ್ಯೂಮೆಯಲ್ಲಿ ಮೂರು ವರ್ಷ ಜಿಮ್ನೇಸಿಯಂ ಅಂತ ಇದೆ. ಜಿಮ್ ಟ್ರೈನರ್ ಆಗಿದ್ರಾ?

ಉತ್ತರ: ಅದು ಸ್ಕೂಲು. ಪೋಲೆಂಡಿನಲ್ಲಿ 1999ರಿಂದ 2019ರ ತನಕ ಪ್ರಾಥಮಿಕ ಶಾಲೆ ಆದ್ಮೇಲೆ ಮೂರು ವರ್ಷದ ‘ಗಿಮ್ನಾಝ್ಯುಂ’ ಇತ್ತು, ಆಮೇಲೆ ತೆಗೆದುಹಾಕಿದ್ರು. ಜರ್ಮನಿಯಲ್ಲಿ ಅದೇ ಪದ ಯೂನಿವರ್ಸಿಟಿಗೆ ಹೋಗೋ ಮಕ್ಕಳ ಹೈಸ್ಕೂಲು, ಸ್ವೀಡನ್ನಿನಲ್ಲಿ ಹೆಚ್ಚು ಕಡಿಮೆ ಪಿಯುಸಿ ಮಟ್ಟ, ನೆದರ್ಲೆಂಡ್ಸಿನಲ್ಲಿ ಗ್ರೀಕ್, ಲ್ಯಾಟಿನ್ ಕಲಿಸೋ ಸ್ಕೂಲು. ಕಸರತ್ತಿನ ಜಾಗಕ್ಕೆ ಜರ್ಮನ್ನರು ‘ಫಿಟ್ನೆಸ್ ಸ್ಟೂಡಿಯೋ’ ಅಂತಾರೆ.

ಎರಡೂ ಅರ್ಥ ಹಳೇ ಗ್ರೀಸಿನಲ್ಲೇ ಇತ್ತು. ‘ಗಿಮ್ನೋಸ್’ ಅಂದ್ರೆ ಬೆತ್ತಲೆ, ಯುವಕರು ಬಟ್ಟೆ ಬಿಚ್ಚಿ ಕಸರತ್ತು ಮಾಡೋ ಜಾಗ ಗಿಮ್ನಾಸಿಯೊನ್. ಅಲ್ಲಿ ಯುವಕರು ಸೇರ್ತಿದ್ರಿಂದ ಗುರುಗಳೂ ಅಲ್ಲಿಗೇ ಬಂದ್ರು, ಅಥೆನ್ಸಿನಲ್ಲಿ ಪ್ಲೇಟೋ ಪಾಠ ಹೇಳಿದ ಅಕಾಡೆಮಿ, ಅರಿಸ್ಟಾಟಲ್‌ನ ಲೈಸಿಯಂ ಎರಡೂ ಇಂಥ ಗರಡಿಗಳ ಜಾಗನೇ. ಇಂಗ್ಲಿಷರು ಮೈ ಬೆಳೆಸೋದನ್ನ ತಗೊಂಡ್ರು, ಜರ್ಮನ್ನರು ಬುದ್ಧಿ ಬೆಳೆಸೋದನ್ನ. ಲೈಸಿಯಂ ಕೂಡ ಹೀಗೇ ಹೋಯ್ತು, 1802ರಲ್ಲಿ ನೆಪೋಲಿಯನ್ ಶುರು ಮಾಡಿದ ಸರ್ಕಾರಿ ಹೈಸ್ಕೂಲು ಫ್ರಾನ್ಸಿನಲ್ಲಿ ‘ಲೀಸೆ’, ಲಂಡನ್ನಿನಲ್ಲಿ ಲೈಸಿಯಂ ಅಂದ್ರೆ ಒಂದು ನಾಟಕ ಮಂದಿರ.

ಪ್ರಶ್ನೆ: ಇಂಗ್ಲಿಷ್ ಪದಗಳು ಬೇರೆ ಭಾಷೆಗೆ ಹೋದಾಗಲೂ ಹೀಗೇ ಆಗುತ್ತಾ?

ಉತ್ತರ: ಆಗುತ್ತೆ, ಧಾರಾಳವಾಗಿ. ಫ್ರೆಂಚ್, ಜರ್ಮನ್, ಇಟಾಲಿಯನ್, ರಷ್ಯನ್ ಎಲ್ಲದರಲ್ಲೂ ‘ಸ್ಮೋಕಿಂಗ್’ ಅಂದ್ರೆ ಸಿಗರೇಟು ಸೇದೋದಲ್ಲ, ಪಾರ್ಟಿಗೆ ಹಾಕೋ ಕಪ್ಪು ಸೂಟು. ಸ್ಮೋಕಿಂಗ್ ಜಾಕೆಟ್ ಅನ್ನೋದರಲ್ಲಿ ಮೊದಲ ಪದ ಇಟ್ಕೊಂಡು ಜಾಕೆಟ್ ಅನ್ನೋದನ್ನ ಬಿಟ್ಟುಬಿಟ್ರು. ಫ್ರೆಂಚರು ಬ್ಯಾಸ್ಕೆಟ್‌ಬಾಲ್ ಆಡೋ ಶೂಗೆ ಬರೀ ‘ಬಾಸ್ಕೆಟ್’ ಅಂದಿದ್ದೂ ಹೀಗೇ. ಜೋಡಿ ಪದದಲ್ಲಿ ಇಂಗ್ಲಿಷರಿಗೆ ಮುಖ್ಯವಾದ ತುಂಡು ಎರಡನೆಯದು, ತಗೊಂಡವರಿಗೆ ಅದು ಗೊತ್ತಿರಬೇಕು ಅಂತೇನಿಲ್ಲ, ಮೊದಲು ಕಿವಿಗೆ ಬಿದ್ದಿದ್ದು ಉಳ್ಕೊಳ್ಳುತ್ತೆ. ಜರ್ಮನ್ನಿನಲ್ಲಿ ‘ಹ್ಯಾಂಡಿ’ ಅಂದ್ರೆ ಮೊಬೈಲು, ‘ಬೀಮರ್’ ಅಂದ್ರೆ ಪ್ರೊಜೆಕ್ಟರ್, ‘ಓಲ್ಡ್‌ಟೈಮರ್’ ಅಂದ್ರೆ ಹಳೇ ಕಾಲದ ಕಾರು. ನೆದರ್ಲೆಂಡ್ಸಿಗೆ ಹೋಗೋರು ಇನ್ನೊಂದು ತಿಳ್ಕೊಂಡಿರಿ, ಅಲ್ಲಿ ‘ಕಾಫಿಶಾಪ್’ ಅಂತ ಬೋರ್ಡ್ ಇದ್ರೆ ಅದು ಗಾಂಜಾ ಮಾರೋ ಜಾಗ. ‘ಕೆಫೆ’ ಅಂದ್ರೆ ಬಿಯರ್ ಸಿಗೋ ಜಾಗ, ಕಾಫಿನೂ ಕೊಡ್ತಾರೆ. ಬರೀ ಕಾಫಿಗೆ ‘ಕಾಫಿಹೌಸ್’ ಅನ್ನೋ ಅರ್ಥದ ಅವರದ್ದೇ ಪದ ಹುಡುಕಬೇಕು, ‘ಕೊಫಿಹಾಯ್ಸ್’.

ಪ್ರಶ್ನೆ: ಜರ್ಮನ್ ಕ್ಲೈಂಟ್ ಇಂಗ್ಲಿಷಿನಲ್ಲಿ ಮೇಲ್ ಮಾಡಿ ಆರ್ಡರನ್ನ ‘ಇವೆಂಚುಯಲಿ’ ಕನ್ಫರ್ಮ್ ಮಾಡ್ತೀವಿ ಅಂದಿದಾರೆ. ನಾವು ಸಾಮಾನು ತರಿಸೋಕೆ ಶುರು ಮಾಡಬಹುದಾ?

ಉತ್ತರ: ಇನ್ನೂ ಬೇಡ. ಜರ್ಮನ್ನಿನ ‘ಎವೆಂಟುವೆಲ್’ ಅಂದ್ರೆ ಆದ್ರೂ ಆಗಬಹುದು ಅಂತ, ಕೊನೆಗೆ ಆಗೇ ಆಗುತ್ತೆ ಅಂತ ಅಲ್ಲ. ಫ್ರೆಂಚರು, ಡಚ್ಚರು, ಪೋಲೆಂಡಿನವರು, ಸ್ವೀಡನ್ನಿನವರು ಎಲ್ಲರೂ ಅದೇ ಅರ್ಥದಲ್ಲಿ ಬಳಸ್ತಾರೆ, ಮತ್ತೆ ಇಂಗ್ಲಿಷೊಂದೇ ಬೇರೆ. ನಿಮ್ಮ ಕ್ಲೈಂಟು ತಮ್ಮ ಭಾಷೆಯ ಅರ್ಥ ಮನಸ್ಸಲ್ಲಿಟ್ಕೊಂಡು ಇಂಗ್ಲಿಷ್ ಪದ ಬರೆದಿರೋ ಸಾಧ್ಯತೆ ಜಾಸ್ತಿ. ‘ಆಕ್ಚುಯಲ್’ ಪ್ರೈಸ್ ಅಂತ ಕೇಳಿದ್ರೂ ಹುಷಾರು, ಅವರ ‘ಆಕ್ಟುವೆಲ್’ ಅಂದ್ರೆ ಸದ್ಯದ ಅಂತ, ಕೇಳ್ತಿರೋದು ನಿಜವಾದ ಬೆಲೆ ಅಲ್ಲ, ಇವತ್ತಿನ ಬೆಲೆ. ಪದದ ಅರ್ಥ ಅವರಿಗೆ ವಿವರಿಸೋಕೆ ಹೋಗಬೇಡಿ, ಮುಜುಗರ ಆಗುತ್ತೆ. ಯಾವ ತಾರೀಖಿನೊಳಗೆ ಆರ್ಡರ್ ಪಕ್ಕಾ ಆಗುತ್ತೆ, ಪಕ್ಕಾ ಆಗದೇ ಹೋದ್ರೆ ಯಾವಾಗ ತಿಳಿಸ್ತೀರಿ ಅಂತ ಎರಡೇ ಸಾಲು ಬರೆದು ಕೇಳಿ, ಉತ್ತರ ಬಂದ್ಮೇಲೆ ಸಾಮಾನು ತರಿಸಿ.